ನಾಲ್ಕನೇ ನಂಬರಿನ ಬ್ಯಾಟರಿ

ಬೀಪಣ್ಣನಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಅರ್ಜಿ ತುಂಬುವ ಹೊತ್ತು ಬಿಟ್ಟರೆ ಅದು ಅವನ ಹೆಂಡತಿಗೂ ನೆನಪಾಗುತ್ತಿರಲಿಲ್ಲ. ಊರಂಚಿನಲ್ಲಿ, ಹಳೆಯ ಇಟ್ಟಿಗೆ ಗೂಡಿನ ಹಿಂದಿದ್ದ ಶೂಟಿಂಗ್ ರೇಂಜಿನಲ್ಲಿ ಹದಿನಾರು ವರ್ಷ ಪ್ರತಿ ಭಾನುವಾರ ಟೈಮರ್ ಒತ್ತಿ ಒತ್ತಿ ಈ ಹೆಸರು ಅಂಟಿಕೊಂಡುಬಿಟ್ಟಿತ್ತು. ಟೈಮರ್ ಎಂದರೆ ಸಾಬೂನಿನ ಗಾತ್ರದ ಒಂದು ಡಬ್ಬಿ. ಗುಂಡು ಹೊಡೆಯುವವರ ಬೆನ್ನ ಹಿಂದೆ ನಿಂತು ಬಟನ್ ಒತ್ತಿದರೆ ಅದು ಬೀಪ್ ಎನ್ನುತ್ತದೆ, ಅವರು ಶುರು ಮಾಡುತ್ತಾರೆ. ಡಬ್ಬಿ ಒಂದೊಂದು ಸದ್ದನ್ನೂ ಕೇಳಿಸಿಕೊಂಡು, ಕೊನೆಯ ಗುಂಡು ಎಷ್ಟು ಸೆಕೆಂಡಿಗೆ ಹೋಯಿತೆಂದು ಚೂರೂ ಬಿಡದೆ ಲೆಕ್ಕ ಕೊಡುತ್ತದೆ. ಇಷ್ಟೆಲ್ಲ ಮಾಡುವ ಬೀಪಣ್ಣ ಮಾತ್ರ ಜೀವಮಾನದಲ್ಲಿ ಒಂದು ಗುಂಡೂ ಹೊಡೆದವನಲ್ಲ. ಬಾಗಿಲು ಗಾಳಿಗೆ ಬಡಿದುಕೊಂಡರೆ ಬೆಚ್ಚಿಬೀಳುವ ಆಸಾಮಿ. ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡೇ ನಿಲ್ಲುತ್ತಿದ್ದ.

ವಾರದ ಉಳಿದ ಆರು ದಿನ ಅವನು ವಾಚ್ ರಿಪೇರಿಯವನು. ಒಂದು ಪಕ್ಕದಲ್ಲಿ ದರ್ಜಿ, ಇನ್ನೊಂದು ಪಕ್ಕದಲ್ಲಿ ಜೆರಾಕ್ಸ್ ಅಂಗಡಿ, ನಡುವೆ ಇವನ ಗೂಡು. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ರಸ್ತೆಯಲ್ಲೇ ನಿಲ್ಲಬೇಕು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಿಕ್ಕಿಸಿಕೊಂಡು ಆ ಕಣ್ಣಿನ ಸುತ್ತ ಒಂದು ಉಂಗುರ ಬಿದ್ದಿತ್ತು. ರೇಂಜಿನ ಟೈಮರ್ ಒಮ್ಮೆ ಕೆಟ್ಟಾಗ ಯಾರೋ ಇವನ ಹತ್ತಿರ ತಂದರು. ಇವನು ಸರಿಮಾಡಿ ಕೊಟ್ಟ, ಆಮೇಲೆ ಅಲ್ಲಿಗೇ ಹೋಗತೊಡಗಿದ. ಯಂತ್ರಗಳ ವಿಷಯದಲ್ಲಿ ಅವನಿಗೆ ಜಂಬವಿತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. "ನನ್ನ ಕೈಯಿಂದ ದಾಟಿ ಹೋದ ಅಂಕಿ ತಪ್ಪಿರೋಕೆ ಸಾಧ್ಯಾನೇ ಇಲ್ಲ" ಎನ್ನುತ್ತಿದ್ದ. ಹಾಗೆನ್ನುವಾಗ ಕತ್ತು ಒಂದಂಗುಲ ಉದ್ದವಾಗುತ್ತಿತ್ತು.

ಈ ಯಂತ್ರಗಳಿಗೆಲ್ಲ ಬೇಕಾದದ್ದು ಬೆಂಕಿಪೊಟ್ಟಣದಂಥ ಚೌಕ ಬ್ಯಾಟರಿ. ಮೊದಲೆಲ್ಲ ರೇಂಜಿನ ಮೇಜಿನ ಕೆಳಗೆ ಒಂದು ಬಕೆಟ್ ಇತ್ತು, ಸತ್ತ ಬ್ಯಾಟರಿಗಳನ್ನೆಲ್ಲ ಅದಕ್ಕೆ ಎಸೆಯುತ್ತಿದ್ದರು. ಬೀಪಣ್ಣನಿಗೆ ಆ ಬಕೆಟ್ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ನಿಂತ ಗಡಿಯಾರವನ್ನು ಓಡಿಸಿಯೇ ಅನ್ನ ತಿಂದವನು ಅವನು. ಸತ್ತದ್ದನ್ನು ಎಸೆಯುವುದೆಂದರೆ ಅವನಿಗೆ ಸೋತ ಹಾಗೆ. ಅದಕ್ಕೇ ಚಾರ್ಜ್ ಮಾಡಬಹುದಾದ ಜಾತಿಯ ಬ್ಯಾಟರಿ ಒಂದು ಡಜನ್ ತಂದ. ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಹನ್ನೆರಡರವರೆಗೆ ನಂಬರ್ ಬರೆದ. ಯಾವುದನ್ನು ಎಂದು ಚಾರ್ಜಿಗೆ ಹಾಕಿದ, ಎಂದು ತೆಗೆದ ಎಂಬುದಕ್ಕೆಲ್ಲ ಒಂದು ನೋಟ್‌ಬುಕ್ ಇಟ್ಟ. ಊಟದ ಮೇಜಿನ ಅರ್ಧ ಚಾರ್ಜರಿಗೇ ಹೋಯಿತು.

"ಏಳನೇ ನಂಬರಿಗೆ ಮೈ ಬಿಸಿ ಇದೆಯಂತೆ, ಐದನೇದು ಸರಿಯಾಗಿ ಕುಡೀತಿಲ್ವಂತೆ" ಎಂದು ಹೆಂಡತಿ ಎದುರುಮನೆಯವಳ ಹತ್ತಿರ ಆಡಿಕೊಳ್ಳುತ್ತಿದ್ದಳು. "ನಂಗೆ ಮೂರು ದಿನದಿಂದ ಮಂಡಿ ನೋವು ಕಣೇ. ಇವರು ಒಂದು ಮಾತು ಕೇಳಿಲ್ಲ. ನನ್ನ ಬೆನ್ನಿಗೂ ಒಂದು ನಂಬರ್ ಹಚ್ಚಿಸ್ಕೋಬೇಕು."

ಆ ಬ್ಯಾಟರಿಗಳಿಂದ ಒಂದೇ ಒಂದು ಕಿರಿಕಿರಿ. ಬ್ಯಾಟರಿ ಸಾಯುವ ಮೊದಲು ಯಂತ್ರದ ಪರದೆಯ ಮೂಲೆಯಲ್ಲಿ ಒಂದು ಗುರುತು ಮಿಣುಕಿ ಎಚ್ಚರಿಸುತ್ತದೆ. ಮಾಮೂಲಿ ಬ್ಯಾಟರಿ ಹೊಸದಿದ್ದಾಗ ಒಂಬತ್ತು ವೋಲ್ಟಿನ ಮೇಲೆಯೇ ಕೊಡುತ್ತದೆ, ಯಂತ್ರ ಮಾಡಿದವರ ಲೆಕ್ಕವೂ ಅದೇ. ಚಾರ್ಜಿನ ಜಾತಿಯದು ಹೊಟ್ಟೆ ತುಂಬ ಕುಡಿದಿದ್ದರೂ ಸ್ವಲ್ಪ ಹೊತ್ತಿಗೇ ಅದಕ್ಕಿಂತ ಕೆಳಗಿಳಿದು ನಿಲ್ಲುತ್ತದೆ. ಹಾಗಾಗಿ ಇವನ ಬ್ಯಾಟರಿ ಹಾಕಿದ ಹತ್ತು ನಿಮಿಷಕ್ಕೇ ಗುರುತು ಮಿಣುಕಲು ಶುರು, ಆಮೇಲೆ ದಿನವಿಡೀ ಮಿಣುಕುತ್ತಲೇ ಇರುತ್ತಿತ್ತು. ಮೊದಮೊದಲು ಜನ ಗಾಬರಿಯಾಗಿ ಬಂದು ಹೇಳುತ್ತಿದ್ದರು. ಬೀಪಣ್ಣ ನಗುತ್ತ, "ಅದು ಲೆಕ್ಕಕ್ಕಿಲ್ಲ ಬಿಡಿ, ಅದರ ಹಣೆಬರಹವೇ ಅಷ್ಟು" ಎನ್ನುತ್ತಿದ್ದ. ಎರಡು ವರ್ಷದಲ್ಲಿ ಇಡೀ ರೇಂಜಿಗೆ ಆ ಗುರುತನ್ನು ನೋಡದೇ ಇರುವುದು ಅಭ್ಯಾಸವಾಯಿತು.

ಕಾರ್ಯದರ್ಶಿ ಒಬ್ಬರಿಗೆ ಮಾತ್ರ ಅನುಮಾನ. ಅವರು ಹಲ್ಲಿನ ಡಾಕ್ಟರು. "ಬೀಪಣ್ಣ, ಅಭ್ಯಾಸಕ್ಕೆ ಏನಾದ್ರೂ ಹಾಕ್ಕೊಳ್ಳಿ. ಪಂದ್ಯದ ದಿನ ಮಾತ್ರ ಹೊಸ ಬ್ಯಾಟರೀನೇ ಹಾಕಿ ಮಾರಾಯ್ರೆ. ಒಂದು ಪ್ಯಾಕೆಟ್ ತಂದು ಮೇಜಿನ ಡ್ರಾದಲ್ಲಿ ಇಟ್ಟಿದೀನಿ."

"ಡಾಕ್ಟ್ರೇ, ನಾನು ನಿಮ್ಮ ಕ್ಲಿನಿಕ್ಕಿಗೆ ಹಲ್ಲು ಕೀಳೋಕೆ ಬರ್ತೀನಾ?" ಎಂದ ಬೀಪಣ್ಣ. ಡಾಕ್ಟರು ಕೈಮುಗಿದು ಹೋದರು. ಪ್ಯಾಕೆಟ್ ಒಡೆಯದೆ ಡ್ರಾದಲ್ಲೇ ಉಳಿಯಿತು.

ಇನ್ನು ಗುಂಜಿಯ ವಿಷಯ. ಅವಳು ಬೀಪಣ್ಣನ ತಂಗಿಯ ಮಗಳು. ಚಿಕ್ಕವಳಿದ್ದಾಗ ಏನನ್ನೇ ಹಂಚಲಿ, ಯಾರಿಗೂ ಗುಲಗಂಜಿಯಷ್ಟೂ ಹೆಚ್ಚುಕಮ್ಮಿ ಆಗಬಾರದೆಂದು ರಂಪ ಮಾಡುತ್ತಿದ್ದಳಾದ್ದರಿಂದ ಆ ಹೆಸರು ಬಿತ್ತು. ದೊಡ್ಡವಳಾಗಿ ಆಸ್ಪತ್ರೆಯ ಔಷಧ ಕೋಣೆಯಲ್ಲಿ ತೂಗುವ ಕೆಲಸಕ್ಕೇ ಸೇರಿದಳು. ಎಳೆಕೂಸುಗಳಿಗೆ ಕೊಡುವ ಪುಡಿಯನ್ನು ಚಿಟಿಕೆಗಿಂತ ಕಡಿಮೆ ಪ್ರಮಾಣದಲ್ಲಿ ತೂಗಿ, ಕಾಗದದಲ್ಲಿ ಮಡಿಸಿ ಕೊಡುವ ಕೆಲಸ. ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಒಂಬತ್ತು ವರ್ಷದಲ್ಲಿ ಅವಳ ತೂಕ ಒಂದು ಸಲವೂ ತಪ್ಪಿರಲಿಲ್ಲ. ಕಣ್ಣು ಯಂತ್ರವನ್ನು ನೋಡುವ ಮೊದಲೇ ಕೈಗೆ ತಿಳಿಯುತ್ತದೆ ಎಂದು ಅಲ್ಲಿಯ ಹಿರಿಯಮ್ಮ ಹೇಳುತ್ತಿದ್ದಳು.

ಅವಳನ್ನು ರೇಂಜಿಗೆ ಕರೆತಂದವನೂ ಇದೇ ಮಾವ. ಪಿಸ್ತೂಲು ಹಿಡಿದ ಮೂರನೇ ತಿಂಗಳಿಗೇ ಅವಳು ಗಂಡಸರ ಮೀಸೆ ಇಳಿಸಿದಳು. ಅಲ್ಲಿ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವವರು ಕೆಲವರಿದ್ದರು, ಗುಂಜಿಯೂ ಹಾಗೆಯೇ ಮದ್ದುಪುಡಿ ತೂಗಿ ತುಂಬುತ್ತಿದ್ದಳು. ಇದಕ್ಕೊಂದು ನಿಯಮವಿದೆ. ಪುಡಿ ಕಡಿಮೆ ಹಾಕಿದರೆ ಪಿಸ್ತೂಲು ಕೈಯಲ್ಲಿ ಕಡಿಮೆ ಒದೆಯುತ್ತದೆ, ಬೇಗ ಬೇಗ ಹೊಡೆಯಬಹುದು. ಅದು ಮೋಸ. ಆದ್ದರಿಂದ ಗುಂಡಿನ ವೇಗ ಸೆಕೆಂಡಿಗೆ ಮುನ್ನೂರು ಮೀಟರಿಗಿಂತ ಕೆಳಗೆ ಇಳಿಯಬಾರದು. ಅದನ್ನು ಅಳೆಯುವ ಪೆಟ್ಟಿಗೆಯೇ ಕ್ರೋನೋಗ್ರಾಫ್. ಅದಕ್ಕೆ ಮುಂದೊಂದು, ಹಿಂದೊಂದು ಕಣ್ಣು. ಮೊದಲನೆಯ ಕಣ್ಣಿನಿಂದ ಎರಡನೆಯದಕ್ಕೆ ಗುಂಡು ದಾಟಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ವೇಗ ತಿಳಿಯುತ್ತದೆ. ಉಳಿದವರು ಯಾತಕ್ಕೂ ಇರಲಿ ಎಂದು ಪುಡಿ ಧಾರಾಳವಾಗಿ ಹಾಕಿ ಮುನ್ನೂರ ಹದಿನೈದು, ಇಪ್ಪತ್ತಕ್ಕೆ ಏರಿಸಿಕೊಳ್ಳುತ್ತಿದ್ದರು. ಗುಂಜಿ ಮಾತ್ರ ಮುನ್ನೂರ ನಾಲ್ಕಕ್ಕೆ ನಿಲ್ಲಿಸುತ್ತಿದ್ದಳು. ತನ್ನ ಕೈ ತಪ್ಪುವುದಿಲ್ಲವೆಂದು ಅವಳಿಗೆ ಗೊತ್ತಿದ್ದಾಗ ಧಾರಾಳ ಯಾಕೆ ಬೇಕು?

ಆ ವರ್ಷದ ಆಯ್ಕೆ ಪಂದ್ಯ ಬಂತು. ಮೂರು ಜನರ ತಂಡ ಹೊರಗಿನ ದೊಡ್ಡ ಪಂದ್ಯಕ್ಕೆ ಹೋಗುವುದಿತ್ತು. ಗುಂಜಿಗೆ ಮೂರರಲ್ಲಿ ಒಂದು ಜಾಗ ಖಾತ್ರಿ ಎಂದು ಎದುರಾಳಿಗಳೇ ಹೇಳುತ್ತಿದ್ದರು. ಬೆಳಿಗ್ಗೆಯಿಂದ ಕ್ರೋನೋಗ್ರಾಫಿನ ಮೇಜು ಬೀಪಣ್ಣನದು. ಎಲ್ಲರಿಂದಲೂ ಒಂದಿಷ್ಟು ತೋಟಾ ತೆಗೆದುಕೊಂಡು, ಅವರವರ ಪಿಸ್ತೂಲಿನಿಂದಲೇ ಹೊಡೆಸಿ, ವೇಗ ಬರೆದುಕೊಳ್ಳುವುದು. ಮೊದಲು ಮೂರು ಗುಂಡು, ಸಾಲದೆ ಬಂದರೆ ಇನ್ನು ಮೂರು. ಪೆಟ್ಟಿಗೆ ಸರಿಯಿದೆಯೇ ಎಂದು ತಿಳಿಯಲು ವೇಗ ಮೊದಲೇ ಗೊತ್ತಿರುವ ತೋಟಾ ಒಂದು ಡಬ್ಬಿ ಬೇರೆ ಇತ್ತು. ಅದನ್ನು ಬೆಳಿಗ್ಗೆ ಒಮ್ಮೆ, ಹನ್ನೊಂದಕ್ಕೆ ಒಮ್ಮೆ ಹೊಡೆಸಿ ತಾಳೆ ನೋಡಬೇಕು. ಬೆಳಿಗ್ಗೆ ನೋಡಿದ. ಹನ್ನೊಂದಕ್ಕೆ ಸಾಲು ಉದ್ದವಿತ್ತು, ಬಿಸಿಲು ಏರಿತ್ತು. ಬೆಳಿಗ್ಗೆ ಸರಿಯಿದ್ದದ್ದು ಈಗೇನಾಗುತ್ತದೆ ಎಂದು ಬಿಟ್ಟ.

ಗುಂಜಿಯ ಸರದಿ ಕೊನೆಯಲ್ಲಿ ಬಂತು. ಮೊದಲ ಗುಂಡು ಇನ್ನೂರ ತೊಂಬತ್ತಾರು. ಎರಡನೆಯದು ಇನ್ನೂರ ತೊಂಬತ್ತೈದು. ಮೂರನೆಯದು ಮತ್ತೆ ತೊಂಬತ್ತಾರು.

ಸುತ್ತಲಿದ್ದವರು ಮೇಜಿನ ಹತ್ತಿರ ಸರಿದರು. ಬೀಪಣ್ಣ ಇನ್ನು ಮೂರು ಹೊಡೆಸಿದ. ಅವೂ ಅಷ್ಟೇ.

ಗುಂಜಿ ಮೇಜಿನ ಮೇಲೆ ಬಗ್ಗಿ ಪರದೆ ನೋಡಿದಳು. "ಮಾವ, ಇಲ್ಲಿ ಬ್ಯಾಟರಿ ಗುರುತು ಮಿಣುಕ್ತಾ ಇದೆ."

"ಅದು ಹುಟ್ಟಿದಾಗಿಂದ ಮಿಣುಕ್ತಾನೇ ಇದೆ. ನಿಂಗೊತ್ತಿಲ್ವಾ?"

"ಗೊತ್ತು. ಆದ್ರೂ ಒಂದ್ಸಲ ಹೊಸದು ಹಾಕಿ ನೋಡು ಮಾವ. ಡ್ರಾದಲ್ಲಿ ಇದೆಯಲ್ಲ. ಆಮೇಲೂ ಕಮ್ಮಿ ಬಂದ್ರೆ ನಾನು ತುಟಿಪಿಟಕ್ ಅನ್ನಲ್ಲ."

ಡ್ರಾ ಅವನ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಎಳೆದರೆ ಬ್ಯಾಟರಿ, ಬದಲಿಸಲು ಅರ್ಧ ನಿಮಿಷ. ಆ ಅರ್ಧ ನಿಮಿಷದ ಬಗ್ಗೆ ಅವನು ಆಮೇಲೆ ಎಷ್ಟು ಸಲ ಯೋಚಿಸಿದನೋ ಲೆಕ್ಕವಿಲ್ಲ. ಸುತ್ತ ಮೂವತ್ತು ಜನ ನೋಡುತ್ತಿದ್ದರು. ಬೇರೆ ಯಾರಿಗೂ ಬದಲಿಸದ ಬ್ಯಾಟರಿಯನ್ನು ತಂಗಿ ಮಗಳಿಗೆ ಬದಲಿಸಿದರೆ ಏನೆಂದುಕೊಂಡಾರು? ಇದು ಅವನು ತನಗೆ ತಾನೇ ಹೇಳಿಕೊಂಡ ಕಾರಣ. ಇನ್ನೊಂದು ಕಾರಣವೂ ಇತ್ತು. ಆ ಪ್ಯಾಕೆಟ್ ಒಡೆದರೆ ಎರಡು ವರ್ಷದ ತನ್ನ ಚಾರ್ಜರು, ನಂಬರು, ನೋಟ್‌ಬುಕ್ ಎಲ್ಲ ಡಾಕ್ಟರ ಮುಂದೆ ನಗೆಪಾಟಲಾಗುತ್ತಿತ್ತು. ಯಾವ ಕಾರಣ ಮೊದಲು, ಯಾವುದು ಆಮೇಲೆ ಎಂದು ಅವನಿಗೆ ಇಂದಿಗೂ ಬಿಡಿಸಿ ಹೇಳಲಾಗುವುದಿಲ್ಲ.

"ಎಲ್ರಿಗೂ ಇದೇ ಬ್ಯಾಟರಿ, ನಿಂಗೂ ಇದೇ" ಎಂದ, ಎಲ್ಲರಿಗೂ ಕೇಳುವ ಹಾಗೆ. "ಯಂತ್ರಕ್ಕೆ ಅಕ್ಕ ತಂಗಿ ಮಗಳು ಅಂತೆಲ್ಲ ಗೊತ್ತಾಗಲ್ಲ. ನಿನ್ನ ಕೈಯೇ ಎಲ್ಲೋ ತಪ್ಪಿದೆ, ಗುಂಜಿ."

ಅವಳು ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡಳು. ಜಗಳವಾಡಲಿಲ್ಲ. ದೂರು ಕೊಡಲು ಒಂದು ಗಂಟೆ ಸಮಯವಿತ್ತು, ಕೊಡಲಿಲ್ಲ. ಅವಳಿಗೆ ಮಾವನೆಂದರೆ ಅಷ್ಟು ನಂಬಿಕೆ, ಅದೇ ಅನಾಹುತವಾಯಿತು. ನಿಯಮದಂತೆ ಅವಳು ಪಂದ್ಯ ಮುಗಿಸಬಹುದಿತ್ತು, ಅಂಕ ಮಾತ್ರ ಲೆಕ್ಕಕ್ಕಿಲ್ಲ. ಮುಗಿಸಿದಳು. ಎರಡನೆಯವಳಾಗಿ ಬರುವಷ್ಟು ಚೆನ್ನಾಗಿ ಹೊಡೆದಳು. ನೀರಿನ ಡ್ರಮ್ಮಿನ ಹತ್ತಿರ ಬಸ್ ಡ್ರೈವರೊಬ್ಬ, "ಪುಡಿ ಕಮ್ಮಿ ಹಾಕಿದ್ರೆ ನಾನೂ ಹೊಡೀತೀನಿ ಬಿಡಪ್ಪ" ಎಂದ. ಪಿಸ್ತೂಲಿನ ಚೀಲದ ಜಿಪ್ ಎಳೆಯುತ್ತಿದ್ದ ಗುಂಜಿಗೆ ಅದು ಕೇಳಿಸಿತು.

ಅಂದು ಸಂಜೆ ಬೀಪಣ್ಣ ಮನೆಯಲ್ಲಿ ಕೂತು ವೇಗದ ಪಟ್ಟಿಯನ್ನು ನೀಟಾಗಿ ಬರೆಯುತ್ತಿದ್ದ. ಬರೆಯುತ್ತ ಬರೆಯುತ್ತ ಅವನ ಪೆನ್ನು ನಿಧಾನವಾಯಿತು. ಸದಾ ಮುನ್ನೂರ ಹದಿನೆಂಟು ಬರುವ ಡಾಕ್ಟರದ್ದು ಅಂದು ಮುನ್ನೂರ ಹನ್ನೊಂದು. ಬಸ್ ಡ್ರೈವರನದು ಇಪ್ಪತ್ತೈದರ ಬದಲು ಹದಿನೇಳು. ಹನ್ನೊಂದು ಗಂಟೆಯ ಮೇಲೆ ಬಂದ ಒಬ್ಬೊಬ್ಬರದ್ದೂ ಏಳೆಂಟು ಇಳಿದಿತ್ತು. ಅವರೆಲ್ಲ ಧಾರಾಳ ತುಂಬಿದವರು, ಇಳಿದರೂ ಗೆರೆಯ ಮೇಲೆಯೇ ಉಳಿದರು. ಗೆರೆಗೆ ತಾಗಿಸಿ ತುಂಬಿದವಳು ಒಬ್ಬಳೇ.

ಅವನು ಮನೆಗೆ ತಂದಿದ್ದ ಕ್ರೋನೋಗ್ರಾಫಿನ ಪೆಟ್ಟಿಗೆಯಿಂದ ಬ್ಯಾಟರಿ ತೆಗೆದ. ನಾಲ್ಕನೇ ನಂಬರು. ಮೀಟರ್ ಹಿಡಿದರೆ ಎಂಟು ವೋಲ್ಟಿನ ಮೇಲೆಯೇ ತೋರಿಸಿತು. ಬೆಳಿಗ್ಗೆಯೂ ಅವನು ಹೀಗೇ ನೋಡಿ ಹಾಕಿದ್ದ. ಈಗ ಒಂದು ಪುಟ್ಟ ಬಲ್ಬು ಜೋಡಿಸಿ ಕೆಲಸ ಕೊಟ್ಟು ಹಿಡಿದ. ಅಂಕಿ ಸರಸರ ಇಳಿದು ಆರರ ಕೆಳಗೆ ಹೋಯಿತು. ನೋಟ್‌ಬುಕ್ ತೆಗೆದ. ನಾಲ್ಕನೇ ನಂಬರು ಚಾರ್ಜ್ ಆಗಿ ಇಪ್ಪತ್ಮೂರು ದಿನವಾಗಿತ್ತು. ಆ ಹಳೆಯ ಬ್ಯಾಟರಿಗಳು ಸುಮ್ಮನೆ ಕೂತಲ್ಲೇ ಸೋರಿಹೋಗುತ್ತವೆ, ಅದು ಅವನಿಗೆ ಗೊತ್ತಿದ್ದ ಸಂಗತಿಯೇ. ಶಕ್ತಿ ಕುಂದಿ ಪೆಟ್ಟಿಗೆಯ ಎರಡನೇ ಕಣ್ಣು ಮಂಕಾಗಿತ್ತು. ಗುಂಡು ದಾಟಿದ್ದನ್ನು ಅದು ತಡವಾಗಿ ಕಂಡಿತ್ತು. ಮೂಲೆಯ ಗುರುತು ಅಂದು ನಿಜವನ್ನೇ ಮಿಣುಕುತ್ತಿತ್ತು.

"ಯಾಕ್ರೀ, ಮುಖ ಹಾಗಾಯ್ತು?" ಎಂದಳು ಹೆಂಡತಿ.

"ಏನಿಲ್ಲ, ತಲೆನೋವು" ಎಂದ.

ಬರುವ ಭಾನುವಾರ ಸಮಿತಿ ಕೂತು ಫಲಿತಾಂಶದ ಪಟ್ಟಿಗೆ ಸಹಿ ಹಾಕುವುದಿತ್ತು. ಅಲ್ಲಿ ಹೇಳಿಬಿಡುತ್ತೇನೆಂದು ನಿಶ್ಚಯಿಸಿದ. ಇದು ಸುಳ್ಳಲ್ಲ, ನಿಜವಾಗಿಯೂ ನಿಶ್ಚಯಿಸಿದ್ದ. ಹೇಳಬೇಕಾದ ಮಾತನ್ನು ಅಂಗಡಿಯಲ್ಲಿ ಗಡಿಯಾರಗಳ ಮುಂದೆ ಎರಡು ಸಲ ಹೇಳಿಕೊಂಡೂ ನೋಡಿದ. ನಾಲ್ಕನೇ ನಂಬರಿನ ಬ್ಯಾಟರಿಯನ್ನು ಜೇಬಿನಲ್ಲಿ ಹಾಕಿಕೊಂಡು ಹೋದ.

ಭಾನುವಾರ ಅವನು ಒಳಗೆ ಕಾಲಿಡುವಷ್ಟರಲ್ಲಿ ಡಾಕ್ಟರು ಎದ್ದು ನಿಂತಿದ್ದರು. "ಪಟ್ಟಿಗೆ ಮೊದಲು ಒಂದು ಮಾತು. ಬೀಪಣ್ಣನ ಬ್ಯಾಟರಿ ಬಗ್ಗೆ ನಾನೇ ತಮಾಷೆ ಮಾಡಿದ್ದೆ. ಆದ್ರೆ ಅವತ್ತು ಈ ಮನುಷ್ಯ ಮಾಡಿದ ಕೆಲಸ ನಮ್ಮಲ್ಲಿ ಎಷ್ಟು ಜನರ ಕೈಲಿ ಆಗುತ್ತೆ? ಒಡಹುಟ್ಟಿದವಳ ಮಗಳು ಕಣ್ರೀ! ಎತ್ತಿ ಆಡಿಸಿದ ಮಗು. ಮುಖ ನೋಡ್ಲಿಲ್ಲ, ನಂಟು ನೋಡ್ಲಿಲ್ಲ. ಇಂಥವರು ಇರೋದ್ರಿಂದಲೇ ನಮ್ಮ ರೇಂಜಿಗೆ ಮರ್ಯಾದೆ."

ಚಪ್ಪಾಳೆ ಬಿತ್ತು. ಬಸ್ ಡ್ರೈವರ್ ಎದ್ದು ಬಂದು ಕೈ ಕುಲುಕಿದ. ಬೀಪಣ್ಣನ ಒಂದು ಕೈ ಅವನ ಕೈಯಲ್ಲಿತ್ತು, ಇನ್ನೊಂದು ಜೇಬಿನಲ್ಲಿ ಬ್ಯಾಟರಿಯ ಮೇಲಿತ್ತು. ಬಾಯಿ ತೆರೆದ. ಅರವತ್ತು ವರ್ಷದಲ್ಲಿ ಅವನಿಗಾಗಿ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಅದು ಹಿತವಾಗಿತ್ತು ಎಂಬುದೇ ಆಮೇಲೆ ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. "ನನ್ನ ಕೆಲಸ ನಾನು ಮಾಡ್ದೆ, ಅಷ್ಟೇ" ಎಂದ. ಥೂ, ಎಂಥ ಮಾತು! ಪಟ್ಟಿಗೆ ಸಹಿ ಬಿತ್ತು.

ಆಮೇಲಿನದು ಏಳು ತಿಂಗಳ ಹೇಡಿತನ. ಬೇರೆ ಹೆಸರು ಅದಕ್ಕಿಲ್ಲ. ತಂಡ ಹೊರಡಲಿ, ಈಗ ಹೇಳಿದರೆ ಗೊಂದಲ ಎಂದುಕೊಂಡ. ತಂಡ ಹೋಯಿತು. ಬರಲಿ ಎಂದುಕೊಂಡ. ಬಂತು. ಈಗ ಹೇಳಿ ಏನು ಪ್ರಯೋಜನ ಎಂದುಕೊಂಡ. ಗುಂಜಿ ರೇಂಜಿಗೆ ಬರುವುದನ್ನು ನಿಲ್ಲಿಸಿದ್ದಳು. ಕೆಲಸ ಜಾಸ್ತಿ ಎಂದು ಅವಳು ಹೇಳಿದ್ದನ್ನು ಇವನು ನಂಬಿದವನಂತೆ ನಟಿಸಿದ. ಹದಿನೈದು ದಿನಕ್ಕೊಮ್ಮೆ ತಂಗಿಯ ಮನೆಗೆ ಹೋಗಿ, ಟೀ ಕುಡಿದು, ನಿಂತ ಗೋಡೆ ಗಡಿಯಾರ ಓಡಿಸಿ ಬರುತ್ತಿದ್ದ. ಮಾತು ಅಂಚಿಗೆ ಬಂದಾಗಲೆಲ್ಲ ಚಪ್ಪಲಿ ಹುಡುಕುತ್ತಿದ್ದ.

ಚಳಿಗಾಲದಲ್ಲಿ ಕೆಮ್ಮು ಹಿಡಿಯಿತು. ಔಷಧಕ್ಕೆಂದು ಆಸ್ಪತ್ರೆಗೆ ಹೋದರೆ, ಕಿಟಕಿಯಲ್ಲಿ ಚೀಟಿ ತೆಗೆದುಕೊಂಡು ಸೀಸೆ ಕೊಡುವ ಜಾಗದಲ್ಲಿ ಗುಂಜಿ ನಿಂತಿದ್ದಳು. "ಏನ್ ಮಾವ, ಅತ್ತೆ ಕಷಾಯ ಕೊಡ್ಲಿಲ್ವಾ?" ಎಂದು ನಕ್ಕಳು. ಸೀಸೆಯ ಮೇಲಿನ ಚೀಟಿ ಓದಿದಳು. ತಿರುಗಿಸಿ ಮತ್ತೆ ಓದಿದಳು. ಕೊಡಲು ಚಾಚಿದ ಕೈಯನ್ನು ಹಿಂದಕ್ಕೆಳೆದು ಇನ್ನೊಮ್ಮೆ ಓದಿದಳು. ಹಿಂದೆ ನಿಂತವರು ಗೊಣಗಿದರು.

ಬಾಗಿಲ ಹತ್ತಿರ ಔಷಧ ಕೋಣೆಯ ಹಿರಿಯಮ್ಮ ಸಿಕ್ಕಳು. ಬೀಪಣ್ಣ ಕೇಳಿದ, "ಗುಂಜಿ ಯಾಕೆ ಕಿಟಕೀಲಿದಾಳೆ? ತೂಗೋದು ಅವಳ ಕೆಲಸ ಅಲ್ವಾ?"

"ಅವಳೇ ಬೇಡ ಅಂದ್ಲು, ಬೇಸಿಗೆಯಿಂದ" ಎಂದಳು ಹಿರಿಯಮ್ಮ. "ಒಂದು ಪುಡಿ ತೂಗೋಕೆ ಅರ್ಧ ಗಂಟೆ. ಮಾಡಿದ್ದನ್ನೇ ಮಾಡೋದು, ಸರಿ ಇದ್ರೂ ಚೆಲ್ಲೋದು. ಯಾಕೇ ಅಂದ್ರೆ, 'ನನ್ನ ಕೈ ನೆಟ್ಟಗಿಲ್ಲ ಅಮ್ಮ, ಅಲ್ಲಿ ತಪ್ಪಿದ್ದು ಇಲ್ಲಿ ತಪ್ಪಲ್ಲ ಅಂತ ಏನು ಗ್ಯಾರಂಟಿ, ಇದು ಮಕ್ಕಳ ಔಷಧ' ಅಂತಾಳೆ. ಎಲ್ಲಿ ತಪ್ಪಿದ್ಲೋ, ಯಾರು ಏನಂದ್ರೋ ನಂಗೊತ್ತಿಲ್ಲ. ಅಂಥ ಕೈ ನಾನು ಇನ್ನೊಂದು ನೋಡಿಲ್ಲಪ್ಪ."

ಬೀಪಣ್ಣ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ಇಷ್ಟು ದಿನ ಅವನು ಒಂದು ಪಂದ್ಯ ಹೋಯಿತು, ಒಂದಿಷ್ಟು ಹೆಸರು ಕೆಟ್ಟಿತು ಎಂದು ಲೆಕ್ಕ ಹಾಕಿದ್ದ. ಅವಳು ಊರಿನವರ ಮಾತನ್ನು ನಂಬಿರಲಿಲ್ಲ. ನಂಬಿದ್ದು ಅವನೊಬ್ಬನ ಮಾತನ್ನು.

ಅಂದೇ ಸಂಜೆ ತಂಗಿಯ ಮನೆಗೆ ಹೋದ. ತಾಯಿ ಮಗಳು ಇಬ್ಬರೂ ಅಡುಗೆಮನೆಯಲ್ಲಿದ್ದರು. ಕೂತುಕೋ ಎಂದರೂ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ: ಪಟ್ಟಿ, ಬಲ್ಬು, ಇಪ್ಪತ್ಮೂರು ದಿನ, ಡ್ರಾದಲ್ಲಿದ್ದ ಪ್ಯಾಕೆಟ್. "ನಿನ್ನ ಕೈ ತಪ್ಪಿರ್ಲಿಲ್ಲ ಕಣೇ. ತಪ್ಪಿದ್ದು ನಂದು. ಪೂರ್ತಿ ನಂದೇ."

ತಂಗಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಏಳು ತಿಂಗಳು ಅಣ್ಣ! ಏಳು ತಿಂಗಳು ಇದೇ ಕುರ್ಚೀಲಿ ಕೂತು ಟೀ ಕುಡ್ಕೊಂಡು ಹೋದೆಯಲ್ಲೋ! ಇವಳು ಒಳಗೆ ಬಾಗಿಲು ಹಾಕ್ಕೊಂಡು ಅಳ್ತಿದ್ದಾಗ ನೀನು ಹೊರಗೆ ಗಡಿಯಾರ ರಿಪೇರಿ ಮಾಡ್ತಿದ್ದೆ. ನಿಂಗೆ ಹೇಗೋ ಮನಸ್ಸು ಬಂತು?"

ಅವನು ಆ ಕುರ್ಚಿಯಿಂದ ಒಂದು ಹೆಜ್ಜೆ ದೂರ ಸರಿದ.

ಗುಂಜಿ ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ಅವರೆಲ್ಲ ಚಪ್ಪಾಳೆ ಹೊಡೆದ್ರಂತಲ್ಲ, ಆಗ ನಿಂಗೆ ಗೊತ್ತಿತ್ತಾ ಮಾವ?"

"ಗೊತ್ತಿತ್ತು."

ಅವಳು ತಲೆಯಾಡಿಸಿ, ಒಲೆ ಆರಿಸಿ, ಕೋಣೆಗೆ ಹೋದಳು. ಅವಳು ಎರಡು ಮಾತು ಬೈದಿದ್ದರೆ ಆ ರಾತ್ರಿ ತುಸು ನಿದ್ದೆಯಾದರೂ ಬರುತ್ತಿತ್ತೇನೋ.

ಮರುದಿನ ಸಮಿತಿಗೆ ಕಾಗದ ಬರೆದ. ಏನನ್ನೂ ಮುಚ್ಚಿಡಲಿಲ್ಲ, ಚಪ್ಪಾಳೆಯ ವಿಷಯವನ್ನೂ ಸೇರಿಸಿದ. ಭಾನುವಾರ ಡಾಕ್ಟರು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಕನ್ನಡಕ ತೆಗೆದು, "ಬ್ಯಾಟರಿ ತಪ್ಪು ಯಾರಿಗಾದ್ರೂ ಆಗುತ್ತೆ ಬೀಪಣ್ಣ" ಎಂದರು. "ಏಳು ತಿಂಗಳ ತಪ್ಪು ಬ್ಯಾಟರೀದಲ್ಲ." ಹಳೆಯ ಪಟ್ಟಿಯನ್ನು ತೆಗೆದು ಹೊಸದನ್ನು ಗೋಡೆಗೆ ಹಚ್ಚಿದರು. ಅದರಲ್ಲಿ ಗುಂಜಿ ಎರಡನೆಯವಳು. ಬಸ್ ಡ್ರೈವರ್ ಅವಳ ಮನೆಗೇ ಹೋಗಿ ಕ್ಷಮೆ ಕೇಳಿ ಬಂದ, ಅವನು ಅಷ್ಟರ ಮಟ್ಟಿಗೆ ದೊಡ್ಡವನು. ಬೀಪಣ್ಣ ಟೈಮರನ್ನೂ ಡ್ರಾದ ಬೀಗದ ಕೈಯನ್ನೂ ಮೇಜಿನ ಮೇಲಿಟ್ಟು ಹೊರಬಂದ. ಯಾರೂ ತಡೆಯಲಿಲ್ಲ.

ಆದರೂ ಅವನ ಮನಸ್ಸಿನಲ್ಲಿ ಒಂದು ಆಸೆ ಉಳಿದಿತ್ತು. ನಿಜ ಹೊರಬಿದ್ದಾಯಿತು, ಗೋಡೆಯ ಮೇಲೆ ಬರೆದೂ ಆಯಿತು. ಇನ್ನು ಗುಂಜಿ ತನ್ನ ಮೇಜಿಗೆ ಮರಳುತ್ತಾಳೆ, ತಾನು ಅವಳಿಂದ ಕಿತ್ತುಕೊಂಡದ್ದು ಅವಳಿಗೆ ವಾಪಸ್ ಸಿಗುತ್ತದೆ ಎಂದು. ಅವಳು ತನ್ನ ಮುಖ ನೋಡದಿದ್ದರೂ ಸರಿ, ಅಷ್ಟಾದರೆ ಸಾಕು. ಎರಡು ವಾರ ಕಾದು, ಹಿರಿಯಮ್ಮನಿಗೆ ಎಲ್ಲ ತಿಳಿಸಿ, ಒಂದು ಮಧ್ಯಾಹ್ನ ಕಿಟಕಿಯ ಮುಂದೆ ಜನವಿಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಹೋದ.

ಹಿರಿಯಮ್ಮ ಗುಂಜಿಯ ಭುಜ ಹಿಡಿದು ಒಳಗೆ ಕರೆತಂದಳು. "ಎಲ್ಲ ತಿಳೀತಲ್ಲಮ್ಮ. ಕೂತ್ಕೋ, ಒಂದೇ ಒಂದು ಪುಡಿ ತೂಗು. ಯಾವ ಮಗುವಿಗೂ ಕೊಡೋದಲ್ಲ, ಸುಮ್ನೆ ತೂಗು."

ಗಾಜಿನ ಗೂಡಿನೊಳಗೆ ತೂಕದ ಯಂತ್ರವಿತ್ತು. ಗುಂಜಿ ಕೈತೊಳೆದು, ಒರೆಸಿಕೊಂಡು, ಕೂತಳು. ಕಾಗದ ಹಾಸಿದಳು. ಚಮಚದ ತುದಿಯಿಂದ ಪುಡಿಯನ್ನು ತಟ್ಟಿ ತಟ್ಟಿ ಬೀಳಿಸಿದಳು. ಕೈ ಒಂದಿಷ್ಟೂ ನಡುಗಲಿಲ್ಲ. ಒಂದೇ ಸಲಕ್ಕೆ ಅಂಕಿ ಬೇಕಾದಲ್ಲಿಗೆ ಬಂದು ನಿಂತಿತು. ಬಾಗಿಲಲ್ಲಿ ನಿಂತಿದ್ದ ಬೀಪಣ್ಣನ ಕಣ್ಣು ತುಂಬಿ ಬಂತು. ಹಿರಿಯಮ್ಮ, "ನೋಡಿದ್ಯಾ! ನಾ ಹೇಳ್ಲಿಲ್ವಾ?" ಎಂದಳು.

ಗುಂಜಿ ಅಂಕಿಯನ್ನೇ ನೋಡುತ್ತಿದ್ದಳು. ಪುಡಿಯನ್ನು ತೆಗೆದು ಮತ್ತೆ ಇಟ್ಟಳು. ಅದೇ ಅಂಕಿ. ಇನ್ನೊಮ್ಮೆ ಇಟ್ಟಳು. ಅದೇ.

"ಮಾವ, ಸ್ವಲ್ಪ ಬಂದು ನೋಡು" ಎಂದಳು. "ಸರಿಯಾಗಿದೆಯಾ?"

ಬೀಪಣ್ಣ ಹತ್ತಿರ ಹೋಗಿ ಬಗ್ಗಿ ನೋಡಿದ. "ಸರಿಯಾಗಿದೆ ಕಣಮ್ಮ. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

"ಯಂತ್ರ ಸರಿಯಿದೆಯಾ?"

"ಸರಿಯಿದೆ."

"ನಿಜ ಹೇಳು ಮಾವ."

"ನಿಜ ಕಣೇ. ನನ್ನಾಣೆ."

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಂಬಬೇಕೆಂಬ ಆಸೆಯಿತ್ತು. ಆಮೇಲೆ ತೂಗಿದ ಪುಡಿಯನ್ನು ಕಸದ ಡಬ್ಬಿಗೆ ಸುರಿದು, ಹೊಸ ಕಾಗದ ಹಾಸಿ, ಮೊದಲಿನಿಂದ ತೂಗತೊಡಗಿದಳು.